ಗಾಳಿಯ ಬಿಸಿ ನಂಬಿದ ಡೀಸೆಲ್

ಪುಣೆಯಲ್ಲಿ ನಾನು ಬರೆಯುವುದು ಡೀಸೆಲ್ ಎಂಜಿನ್‌ಗಳ ಕಂಟ್ರೋಲ್ ಸಾಫ್ಟ್‌ವೇರ್. ಎಂಜಿನ್ ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿ ಇದೆ ಎಂದು ಒಂದು ಪುಟ್ಟ ಸೆನ್ಸರ್ ಹೇಳುತ್ತದೆ. ಇಂಧನ ಯಾವಾಗ, ಎಷ್ಟು ಎಂದು ನನ್ನ ಕೋಡ್ ತೀರ್ಮಾನಿಸುವಾಗ ಆ ಅಂಕಿಯನ್ನೂ ನೋಡುತ್ತದೆ. ಹಾವೇರಿ ಕಡೆಯ ನಮ್ಮೂರಲ್ಲಿ ಧನುರ್ಮಾಸದ ಬೆಳಿಗ್ಗೆ ಅಪ್ಪ ಟ್ರ್ಯಾಕ್ಟರ್‌ನ ರೇಡಿಯೇಟರ್‌ಗೆ ಬಿಸಿನೀರು ಸುರಿದೇ ಸ್ಟಾರ್ಟ್ ಮಾಡುತ್ತಿದ್ದರು. ಅದೇಕೆ ಎಂದು ಎಂಟೆಕ್‌ವರೆಗೂ ನಾನು ಯೋಚಿಸಿರಲಿಲ್ಲ. ಯೋಚಿಸಿದಾಗ ಎದುರಾದವನು ರುಡಾಲ್ಫ್ ಡೀಸೆಲ್.

1858ರಲ್ಲಿ ಪ್ಯಾರಿಸ್‌ನಲ್ಲಿ ಜರ್ಮನ್ ದಂಪತಿಗೆ ಹುಟ್ಟಿದ ಹುಡುಗ. 1870ರ ಯುದ್ಧದಿಂದಾಗಿ ಕುಟುಂಬ ಲಂಡನ್‌ಗೆ ಹೋಯಿತು. ಹನ್ನೆರಡರ ಈತನನ್ನು ಔಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳಿಸಿದರು. ಬೇರೆಯವರ ಮನೆಯಲ್ಲಿದ್ದು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮ್ಯೂನಿಕ್‌ನಲ್ಲಿ ಕಾರ್ಲ್ ಲಿಂಡೆಯ ಶಿಷ್ಯನಾದ. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗುರುವಿನದೇ ಕಂಪನಿಯ ಐಸ್ ಯಂತ್ರಗಳ ಕೆಲಸ. ಹೊಟ್ಟೆಪಾಡು ತಣ್ಣನೆಯದು, ತಲೆಯೊಳಗಿದ್ದದ್ದು ಬಿಸಿ.

ಆಗಿನ ಹಬೆ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನೂ ಸರಿಯಾಗಿ ಬಳಸುತ್ತಿರಲಿಲ್ಲ. ಡೀಸೆಲ್‌ನ ಯೋಚನೆ ಸರಳ: ಬರೀ ಗಾಳಿಯನ್ನು ಜೋರಾಗಿ ಒತ್ತಿದರೆ ಅದೇ ಕಾದು ಕೆಂಡವಾಗುತ್ತದೆ, ಇಂಧನ ಚಿಮ್ಮಿಸಿದರೆ ಸಾಕು, ಕಿಡಿ ಬೇಡ. 1893ರಲ್ಲಿ ಔಗ್ಸ್‌ಬರ್ಗ್‌ನ ಮೊದಲ ಪ್ರಯೋಗದಲ್ಲಿ ಇಂಧನವೇನೋ ಹೊತ್ತಿಕೊಂಡಿತು, ಒತ್ತಡ ಅಳೆಯುವ ಉಪಕರಣ ಸಿಡಿದು ಪ್ರಾಣಕ್ಕೇ ಬರುವುದಿತ್ತು. 1897ರ ಪರೀಕ್ಷೆಯಲ್ಲಿ ದಕ್ಷತೆ ಶೇ 26 ದಾಟಿತು.

ಇಲ್ಲೇ ಅಪ್ಪನ ಬಿಸಿನೀರು ಬರುವುದು. ಇಂದಿನ ಎಂಜಿನ್‌ನಲ್ಲಿ ಗಾಳಿಯನ್ನು ಹದಿನೆಂಟನೇ ಒಂದು ಭಾಗಕ್ಕೆ ಒತ್ತಿದರೆ, ಒಳಬರುವಾಗ 15 ಡಿಗ್ರಿ ತಣ್ಣಗಿದ್ದ ಗಾಳಿ ಕೊನೆಯಲ್ಲಿ ಸುಮಾರು 40 ಡಿಗ್ರಿ ಹಿಂದೆ ಬೀಳುತ್ತದೆ. ಉಳಿದ ಬಿಸಿಯನ್ನು ತಣ್ಣನೆಯ ಕಬ್ಬಿಣ ಹೀರಿಕೊಳ್ಳುತ್ತದೆ. ಹೊತ್ತಿಕೊಳ್ಳುವುದಾದರೂ ಹೇಗೆ? ಹಾಗಂತ ಬಿಸಿ ಗಾಳಿಯೇ ಒಳ್ಳೆಯದೆಂದಲ್ಲ. ಓಡುವ ಎಂಜಿನ್‌ಗೆ 27 ಡಿಗ್ರಿಯ ಬದಲು 57 ಡಿಗ್ರಿಯ ಗಾಳಿ ಕೊಟ್ಟರೆ ಅದೇ ಜಾಗದಲ್ಲಿ ಶೇ 9ರಷ್ಟು ಕಡಿಮೆ ಗಾಳಿ ಹಿಡಿಯುತ್ತದೆ. ಘಾಟಿ ಏರುವಾಗ ಎಳೆತ ಕುಗ್ಗುತ್ತದೆ. ಅದಕ್ಕೇ ಟರ್ಬೊ ಲಾರಿಗಳಲ್ಲಿ ಇಂಟರ್‌ಕೂಲರ್. ಐಸ್ ಯಂತ್ರದವನ ಎಂಜಿನ್‌ಗೆ ಕೊನೆಗೂ ತಂಪು ಬೇಕಾಯಿತು.

ಡೀಸೆಲ್‌ನ ಮೊದಲ ಎಂಜಿನ್‌ಗಳು ಗ್ರಾಹಕರ ಬಳಿ ಕೆಟ್ಟು ನಿಂತವು. ಲ್ಯಾಬ್‌ನಲ್ಲಿ ಓಡಿದ್ದು ಫೀಲ್ಡ್‌ನಲ್ಲಿ ನಿಲ್ಲುವ ಸಂಕಟ ನನ್ನ ವೃತ್ತಿಯವರಿಗೆ ಗೊತ್ತು. ಆತನ ಆರೋಗ್ಯ ಕುಸಿಯಿತು. ಎಂಜಿನ್ ಸುಧಾರಿಸಿ ಹಡಗುಗಳನ್ನೇ ನಡೆಸುವ ಹೊತ್ತಿಗೆ ಆತನ ಹಣ ಕರಗಿಹೋಗಿತ್ತು.

1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಹಡಗಿನಲ್ಲಿ ಊಟ ಮುಗಿಸಿ ಕ್ಯಾಬಿನ್‌ಗೆ ಹೋದ. ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಯಾರೂ ಮಲಗಿದ ಗುರುತಿರಲಿಲ್ಲ. ಕೆಲವು ದಿನಗಳ ಮೇಲೆ ಡಚ್ ದೋಣಿಯವರಿಗೆ ಒಂದು ಶವ ಸಿಕ್ಕಿತು. ಜೇಬಿನಲ್ಲಿದ್ದುದನ್ನು ತೆಗೆದುಕೊಂಡು ಶವವನ್ನು ಸಮುದ್ರಕ್ಕೇ ಬಿಟ್ಟರು. ಕನ್ನಡಕದ ಡಬ್ಬಿ, ಸಣ್ಣ ಚಾಕು ಅಪ್ಪನವೇ ಎಂದು ಗುರುತಿಸಿದವನು ಮಗ.