ರೂಲ್ ಬುಕ್ ಎಷ್ಟು ದಪ್ಪ ಇರಬೇಕು? ಗ್ಯಾರಿ ಗೈಗ್ಯಾಕ್ಸ್ ಕಥೆ

ಟೇಬಲ್ ಸುತ್ತ ಕೂತು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್ ಆಡೋಣ ಅಂತ ನಾಲ್ಕು ಜನ ಸೇರಿದ್ರೆ ಮೊದಲು ಶುರುವಾಗೋದು ಜಗಳ. ಹತ್ತು ಪುಟದಲ್ಲಿ ಮುಗಿಯೋ ಹಗುರ ರೂಲ್ಸ್ ಸಾಕಾ, ಇಲ್ಲ ಟೆಕ್ಸ್ಟ್ ಬುಕ್‌ನಷ್ಟು ದಪ್ಪ ಇರೋದೇ ಬೇಕಾ? ತಮಾಷೆ ಅಂದರೆ, ಈ ಆಟವನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಈ ಜಗಳದ ಎರಡೂ ಕಡೆ ನಿಂತವರು. ಅವರ ಜೀವನ ನೋಡಿದ್ರೆ ನಮಗೆ ಆಯ್ಕೆ ಸ್ವಲ್ಪ ಸುಲಭ ಆಗುತ್ತೆ.

ಗೈಗ್ಯಾಕ್ಸ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಅಪ್ಪ ಸ್ವಿಟ್ಜರ್ಲೆಂಡ್‌ನಿಂದ ಬಂದ ಪಿಟೀಲು ವಾದಕ. ಹುಡುಗ ಎಂಟು ವರ್ಷದವನಿದ್ದಾಗ ಕುಟುಂಬ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಅನ್ನೋ ಪುಟ್ಟ ಊರಿಗೆ ಬಂತು. ಅವರು ಹೈಸ್ಕೂಲನ್ನೂ ಮುಗಿಸಲಿಲ್ಲ. ಮುಂದೆ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ, ಮದುವೆ, ಐದು ಮಕ್ಕಳು. ಬಿಡುವು ಸಿಕ್ಕಾಗೆಲ್ಲ ಪುಟಾಣಿ ಸೈನಿಕರನ್ನಿಟ್ಟು ಯುದ್ಧದ ಆಟ. 1968ರಲ್ಲಿ ಊರಿನ ಒಂದು ಹಾಲ್ ಬಾಡಿಗೆಗೆ ಹಿಡಿದು ಆಟಗಾರರನ್ನೆಲ್ಲ ಸೇರಿಸಿದರು. ಇವತ್ತು ಪ್ರಸಿದ್ಧವಾಗಿರೋ ಜೆನ್ ಕಾನ್ ಶುರುವಾಗಿದ್ದು ಹಾಗೆ.

1970ರಲ್ಲಿ ಕೆಲಸ ಹೋಯ್ತು. ಮನೆಯ ನೆಲಮಾಳಿಗೆಯಲ್ಲೇ ಶೂ ರಿಪೇರಿ ಮಾಡಿ ಸಂಸಾರ ತೂಗಿಸಿದರು. ಆಟ ಮಾತ್ರ ಬಿಡಲಿಲ್ಲ. 1971ರಲ್ಲಿ ಜೆಫ್ ಪೆರೆನ್ ಜೊತೆ ಸೇರಿ 'ಚೈನ್‌ಮೇಲ್' ಅನ್ನೋ ಯುದ್ಧದ ಆಟದ ಪುಸ್ತಕ ತಂದರು. ಅದರ ಕೊನೆಗೆ ಮಾಂತ್ರಿಕರು, ಡ್ರಾಗನ್‌ಗಳು ಇರೋ ಒಂದು ಭಾಗ.

ಅದನ್ನು ಓದಿದ ಮಿನೆಸೋಟಾದ ಡೇವ್ ಆರ್ನಿಸನ್ ಬೇರೆಯದೇ ಪ್ರಯೋಗ ಮಾಡ್ತಿದ್ರು. ಅವರ ಆಟದಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪಾತ್ರ, ಸೈನ್ಯ ಇಲ್ಲ. ರೆಫರಿ ಕಥೆ ಹೇಳ್ತಾ, ಏನಾಗುತ್ತೆ ಅಂತ ಅಲ್ಲಲ್ಲೇ ತೀರ್ಮಾನಿಸೋದು. 1972ರಲ್ಲಿ ಅವರು ಲೇಕ್ ಜಿನೀವಾಗೆ ಬಂದು ಇದನ್ನು ಆಡಿಸಿದಾಗ ಗೈಗ್ಯಾಕ್ಸ್ ಮರುಳಾದರು. ಆರ್ನಿಸನ್ ಕೊಟ್ಟ ನೋಟ್ಸ್ ಇಟ್ಟುಕೊಂಡು ಟೈಪ್‌ರೈಟರ್ ಮುಂದೆ ಕೂತರು. 1973ರಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಟಿಎಸ್‌ಆರ್ ಕಂಪನಿ ಶುರುವಾಯ್ತು. 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಬಂತು: ಒಂದು ಡಬ್ಬ, ಒಳಗೆ ಮೂರು ತೆಳ್ಳನೆ ಪುಸ್ತಕ, ಬೆಲೆ 10 ಡಾಲರ್. ಮೊದಲ 1,000 ಪ್ರತಿ ಒಂದು ವರ್ಷದೊಳಗೆ ಖಾಲಿ.

ಆ ಪುಸ್ತಕಗಳಲ್ಲಿ ರೂಲ್ಸ್‌ಗಿಂತ ಖಾಲಿ ಜಾಗವೇ ಜಾಸ್ತಿ. ಹೊಡೆದಾಟಕ್ಕೆ 'ಚೈನ್‌ಮೇಲ್' ನೋಡಿ, ಕಾಡು ಸುತ್ತೋಕೆ ಇನ್ನೊಂದು ಕಂಪನಿಯ ಬೋರ್ಡ್ ಗೇಮ್ ತಗೊಳ್ಳಿ ಅಂತಿತ್ತು. ಬಿಟ್ಟಿದ್ದನ್ನು ನೀವೇ ಕಲ್ಪಿಸಿಕೊಳ್ಳಿ ಅಂತ ಓದುಗರನ್ನು ಹುರಿದುಂಬಿಸಿದ್ದವರೂ ಗೈಗ್ಯಾಕ್ಸೇ. ಗೆಳೆಯರ ನಡುವೆ ಇದು ಚೆನ್ನಾಗಿ ನಡೀತು. ಆದರೆ ಆಟ ಊರೂರಿಗೆ ಹಬ್ಬಿದಾಗ ಒಂದೊಂದು ಟೇಬಲ್‌ನಲ್ಲಿ ಒಂದೊಂದು ಆಟ ಆಯ್ತು. 1975ರಲ್ಲಿ ಬಾಲ್ಟಿಮೋರ್‌ನ ಒರಿಜಿನ್ಸ್ ಸಮಾವೇಶದಲ್ಲಿ ಅವರ 'ಟೂಮ್ ಆಫ್ ಹಾರರ್ಸ್' ಟೂರ್ನಮೆಂಟ್ ನಡೆಯಿತು. ಇಂಥ ಸ್ಪರ್ಧೆಯಲ್ಲಿ ಒಬ್ಬ ರೆಫರಿ ಸಾಯಿಸಿದ ಪಾತ್ರವನ್ನು ಇನ್ನೊಬ್ಬ ಉಳಿಸಿದರೆ ಗೆದ್ದವರು ಯಾರು?

1977ರಿಂದ 1979ರ ನಡುವೆ ಬಂದ 'ಅಡ್ವಾನ್ಸ್‌ಡ್' ಆವೃತ್ತಿ ಇದಕ್ಕೆ ಅವರ ಉತ್ತರ. ಮೂರು ಗಟ್ಟಿ ರಟ್ಟಿನ ಪುಸ್ತಕ. ಕಾಯಿಲೆಗೆ ಟೇಬಲ್, ಆಳುಗಳ ಸಂಬಳಕ್ಕೆ ಟೇಬಲ್, ಕೋಟೆ ಕಟ್ಟೋ ಖರ್ಚಿಗೂ ಟೇಬಲ್. ನೀವೇ ಕಲ್ಪಿಸಿಕೊಳ್ಳಿ ಅಂದಿದ್ದವರೇ ಈಗ ಎಲ್ಲರೂ ಒಂದೇ ರೀತಿ ಆಡಬೇಕು ಅಂತ ಪಟ್ಟುಹಿಡಿದರು.

ಈ ದಪ್ಪ ಪುಸ್ತಕಗಳಿಗೆ ಬೇರೆ ಬೆಲೆಯನ್ನೂ ತೆರಬೇಕಾಯ್ತು. ಇದು ಹೊಸ ಆಟ, ಹಾಗಾಗಿ ಆರ್ನಿಸನ್‌ಗೆ ರಾಯಲ್ಟಿ ಇಲ್ಲ ಅಂತ ಕಂಪನಿ ಹೇಳಿತು. 1979ರಲ್ಲಿ ಆರ್ನಿಸನ್ ಕೋರ್ಟಿಗೆ ಹೋದರು. 1981ರಲ್ಲಿ ರಾಜಿ ಆಯ್ತು. 1985ರ ಕೊನೆಗೆ ಗೈಗ್ಯಾಕ್ಸ್ ಕೈಯಿಂದಲೂ ಕಂಪನಿಯ ಹಿಡಿತ ತಪ್ಪಿತು, ಮರುವರ್ಷ ಅವರು ಪೂರ್ತಿ ಹೊರಬಂದರು.

ಆಮೇಲೂ ಅವರು ಆಟ ಬರೆದರು. 1999ರ 'ಲೆಜೆಂಡರಿ ಅಡ್ವೆಂಚರ್' ಮತ್ತೆ ಸರಳ ರೂಲ್ಸ್ ಕಡೆಗೇ ತಿರುಗಿತ್ತು. ಕೊನೆಯ ವರ್ಷಗಳಲ್ಲೂ ಲೇಕ್ ಜಿನೀವಾದ ಮನೆಯಲ್ಲಿ ಗೆಳೆಯರನ್ನು ಕೂರಿಸಿಕೊಂಡು ಆಡಿಸ್ತಿದ್ರು. 2008ರ ಮಾರ್ಚ್‌ನಲ್ಲಿ, 69ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು.

ಅವರು ಮನಸ್ಸು ಬದಲಾಯಿಸ್ತಾನೇ ಇದ್ದರು ಅಂತ ಕೆಲವರು ನಗ್ತಾರೆ. ನಮಗೆ ಹಾಗನ್ನಿಸಲ್ಲ. ಬದಲಾಗಿದ್ದು ಟೇಬಲ್ ಸುತ್ತ ಕೂತವರು. ಗೊತ್ತಿರೋ ಗೆಳೆಯರಾದರೆ ರೆಫರಿ ಮಾತಿನ ಮೇಲೆ ನಂಬಿಕೆ ಇರುತ್ತೆ, ತೆಳ್ಳನೆ ಪುಸ್ತಕ ಸಾಕು. ಅಪರಿಚಿತರು ಸ್ಪರ್ಧೆಗೆ ಇಳಿದಾಗ ಆ ನಂಬಿಕೆಯ ಜಾಗವನ್ನು ಪುಸ್ತಕ ತುಂಬಬೇಕಾಗುತ್ತೆ. ಹಾಸ್ಟೆಲ್ ರೂಮಲ್ಲಿ ರಾತ್ರಿ ಆಡೋದಾದರೆ ನಮ್ಮ ಓಟು ಹಗುರ ರೂಲ್ಸ್‌ಗೆ. ಫೆಸ್ಟ್‌ನಲ್ಲಿ ಬೇರೆ ಕಾಲೇಜಿನವರನ್ನೂ ಕರೆದು ಬಹುಮಾನ ಇಡೋದಾದರೆ, ದಪ್ಪ ಪುಸ್ತಕ ತಗೊಳ್ಳಿ. ಸಿಸ್ಟಮ್ ಹುಡುಕೋ ಮೊದಲು ಆಡೋಕೆ ಬರೋರು ಯಾರು ಅಂತ ಒಂದು ಸಲ ಲೆಕ್ಕ ಹಾಕಿ.