ಸಂಡೂರಿನ ಶಿಲೆಗಳೂ ಬ್ರೂಸ್ ಫುಟ್ಟರೂ

ಹೊಸಪೇಟೆಯ ಬಯಲಿನಲ್ಲಿ ನಿಂತು ಈಶಾನ್ಯಕ್ಕೆ ನೋಡಿದರೆ ಹಂಪೆಯ ಹೆಬ್ಬಂಡೆಗಳು. ಅವುಗಳಾಚೆ ಕಂಪ್ಲಿಯ ಗದ್ದೆಬಯಲು. ದಕ್ಷಿಣಕ್ಕೆ ತಿರುಗಿದರೆ ಸಂಡೂರಿನ ಕೆಂಗಪ್ಪು ಬೆಟ್ಟಸಾಲು. ಇಷ್ಟು ಸಮೀಪದಲ್ಲಿ ನೆಲದ ಮೈಬಣ್ಣವೇ ಬದಲಾಗುವುದೇಕೆಂದು ಕೇಳಿ, ಉತ್ತರವನ್ನು ಕಲ್ಲಿನಲ್ಲಿಯೇ ಹುಡುಕಿದವರು ರಾಬರ್ಟ್ ಬ್ರೂಸ್ ಫುಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದ ಫುಟ್ಟರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ದೊರೆತ ಹಳೆ ಶಿಲಾಯುಗದ ಆಯುಧ ಅವರನ್ನು ಪ್ರಸಿದ್ಧರನ್ನಾಗಿಸಿತು. ಆ ಕೀರ್ತಿ ನ್ಯಾಯವಾದುದೇ. ಆದರೆ ಅದರ ನೆರಳಿನಲ್ಲಿ ಅವರ ಇನ್ನೊಂದು ಸಾಧನೆಯನ್ನು ನಾವು ಮರೆತಿದ್ದೇವೆ.

ಹಳೆಯ ಭೂಪಟಗಳಲ್ಲಿ ದಕ್ಷಿಣದ ಪುರಾತನ ಶಿಲೆಗಳೆಲ್ಲ ಬಹುಮಟ್ಟಿಗೆ ಒಂದೇ ರಾಶಿ. ಆ ರಾಶಿಯಿಂದ ಪದರುಪದರಾದ ಶಿಲೆಗಳನ್ನು ಬಿಡಿಸಿ, 1880ರ ದಶಕದಲ್ಲಿ ಅವುಗಳಿಗೆ ಧಾರವಾಡದ ಹೆಸರನ್ನಿಟ್ಟವರು ಫುಟ್. ಇವೆಲ್ಲ ರೂಪಾಂತರ ಶಿಲೆಗಳು. ಸಮುದ್ರತಳದ ಕೆಸರು, ಲಾವಾ, ಕಬ್ಬಿಣ ಬೆರೆತ ಮಡ್ಡಿ ಭೂಮಿಯ ಆಳಕ್ಕಿಳಿದು ಕಾವಿಗೂ ಒತ್ತಡಕ್ಕೂ ಸಿಕ್ಕಿದುವು. ಕೆಸರು ಅಭ್ರಕ ಹೊಳೆಯುವ ಪದರುಗಲ್ಲಾಯಿತು, ಲಾವಾ ಹಸುರುಗಲ್ಲಾಯಿತು. ಇಂತಿಂಥ ಖನಿಜ ಹುಟ್ಟಬೇಕಾದರೆ ಇಷ್ಟಿಷ್ಟು ಕಾವು ಬೇಕೆಂಬ ನಿಯಮವಿರುವುದರಿಂದ, ಕಲ್ಲು ತಾನು ಪಟ್ಟ ಪಾಡನ್ನು ತನ್ನಲ್ಲೇ ಬರೆದಿಟ್ಟುಕೊಂಡಿರುತ್ತದೆ.

ಸಂಡೂರಿನ ಕಣಿವೆಯ ಎರಡು ಮಗ್ಗುಲಿನ ಸಾಲುಬೆಟ್ಟಗಳಲ್ಲಿ ಕಬ್ಬಿಣದ ಪಟ್ಟೆಗಲ್ಲುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ನಾರಿಹಳ್ಳವು ಭೀಮಗಂಡಿ, ಓಬಳಗಂಡಿಗಳಲ್ಲಿ ಬೆಟ್ಟವನ್ನು ಸೀಳಿದೆಡೆ ಬೆಟ್ಟದ ಒಡಲೇ ತೆರೆದಿದೆ. ಇದು ಒಂದೇ ಹಾಸು. ಪಕ್ಕದ ಒತ್ತಡಕ್ಕೆ ದೋಣಿಯಂತೆ ಮಡಿಸಿ ಕೆಳಕ್ಕೆ ಬಾಗಿದುದರಿಂದಲೇ ಸವೆತಕ್ಕೆ ಸಿಕ್ಕದೆ ಉಳಿದಿದೆ ಎಂದು ಫುಟ್ಟರು ನಿರ್ಣಯಿಸಿದರು. ಬಳ್ಳಾರಿ ಜಿಲ್ಲೆಯನ್ನು ಕುರಿತ ಅವರ ಗ್ರಂಥ ಹೊರಬಂದುದು 1895ರಲ್ಲಿ, ಅವರು ನಿವೃತ್ತರಾಗಿ ನಾಲ್ಕು ವರ್ಷಗಳಾದ ಮೇಲೆ. ಇಂದಿನ ನಕ್ಷೆಗಳಲ್ಲಿ ಆ ಮಡಿಕೆ ಇನ್ನೂ ಜಟಿಲ. ಆದರೆ ಮಡಿಕೆಯೆಂಬ ಮಾತು ಅಳಿದಿಲ್ಲ.

ಅವರು ತಪ್ಪಿದುದೂ ಉಂಟು. ಸುತ್ತಣ ಗ್ರಾನೈಟು, ನೈಸ್ ಶಿಲೆಗಳೇ ತಳಹದಿ, ಧಾರವಾಡದ ಪದರುಗಳು ಅದರ ಮೇಲೆ ಕೂತವು ಎಂಬುದು ಅವರ ಮತ. ಬಳಿಕ ಮೈಸೂರಿನ ಭೂವಿಜ್ಞಾನ ಇಲಾಖೆಯ ಸ್ಮೀತ್ ಇದನ್ನು ತಲೆಕೆಳಗು ಮಾಡಿ, ಪದರುಶಿಲೆಗಳೇ ಹಿರಿಯವು, ಗ್ರಾನೈಟು ಆಮೇಲೆ ನುಗ್ಗಿದ್ದು ಎಂದು ವಾದಿಸಿದರು. ವಾದ ದಶಕಗಳ ಕಾಲ ನಡೆಯಿತು. ಪಶ್ಚಿಮ ಕರ್ನಾಟಕದ ಅನೇಕ ಕಡೆ ಫುಟ್ಟರ ಮಾತು ನಿಂತಿತು. ಅವರು ಅಷ್ಟು ಅಲೆದ ಹೊಸಪೇಟೆಯ ಸೀಮೆಯಲ್ಲಿಯೇ ನಿಲ್ಲಲಿಲ್ಲ. ಜಿರ್ಕಾನ್ ಹರಳುಗಳಿಂದ ವಯಸ್ಸನ್ನು ಎಣಿಸುವ ವಿದ್ಯೆ ಬಂದ ಮೇಲೆ ಸಂಡೂರಿನ ಲಾವಾ ಸುಮಾರು 265 ಕೋಟಿ ವರ್ಷಗಳದೆಂದೂ, ಹಂಪೆಯ ಬಂಡೆಗಳು ಸೇರಿದ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು 250 ಕೋಟಿಯದೆಂದೂ ತಿಳಿಯಿತು. ಭೂಖಂಡದ ತುಣುಕುಗಳು ಒಂದಕ್ಕೊಂದು ಒತ್ತಿ ಬೆಸೆದ ಕಾಲವೇ ಅದು ಎಂಬುದು ಇಂದು ಹಲವು ವಿದ್ವಾಂಸರ ಮತ. ಇಂಥ ಸಾಧನವೊಂದೂ ಇಲ್ಲದೆ, ಸುತ್ತಿಗೆ ಮತ್ತು ಕಣ್ಣುಗಳನ್ನೇ ನಂಬಿದ್ದವರನ್ನು ಈ ತಪ್ಪಿಗಾಗಿ ಯಾರು ದೂರಿಯಾರು?

ನಿವೃತ್ತಿಯ ನಂತರ ಬಡೋದೆ, ಮೈಸೂರು ಸಂಸ್ಥಾನಗಳಲ್ಲಿ ದುಡಿದು, ಏರ್ಕಾಡಿನಲ್ಲಿ ನೆಲೆಸಿದ ಫುಟ್ಟರು 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಂಡೂರಿನ ನಡುಭಾಗದಲ್ಲಿ ಹಸುರಾಗಿರುವ ಲಾವಾಶಿಲೆ, ಗ್ರಾನೈಟು ತಾಗಿದ ಅಂಚಿನಲ್ಲಿ ಹೆಚ್ಚಿನ ಕಾವು ಉಂಡು ಕಪ್ಪು ಹಾರ್ನ್‌ಬ್ಲೆಂಡಿನ ಕಲ್ಲಾಗಿದೆ. ಫುಟ್ಟರು ಎಟುಕಿಸಿಕೊಳ್ಳದೆ ಹೋದ ಉತ್ತರ ಆ ಅಂಚಿನಲ್ಲಿಯೇ ಇತ್ತು.