ಡಿಗ್ರಿ ಇಲ್ಲದ ವಿಜ್ಞಾನಿ, ನಮ್ಮೂರಿನ ಕಪ್ಪು ಬೊಟ್ಟು

ನಾವು ಮೂವರು ರೂಮ್‌ಮೇಟ್ಸ್. ಒಬ್ಬರದು ಆಳಂದ, ಒಬ್ಬರದು ಅಫಜಲಪುರ, ಇನ್ನೊಬ್ಬರದು ಜೇವರ್ಗಿ. ಮೂರೂ ಮನೆಗಳಲ್ಲಿ ನೆಲಕ್ಕೆ ಹಾಕಿರೋದು ಶಹಾಬಾದಿನ ಪರಸಿ. ಈ ಕಲ್ಲಲ್ಲಿ ಟ್ರೈಲೋಬೈಟ್ ಸಿಗಬಹುದಾ ಅಂತ ಒಂದು ರಾತ್ರಿ ವಾದ ಶುರುವಾಯ್ತು. ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕಿದವರು ಚಾರ್ಲ್ಸ್ ಡೂಲಿಟಲ್ ವಾಲ್ಕಾಟ್.

1850ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ವಾಲ್ಕಾಟ್ ಹದಿನೆಂಟರ ಸುಮಾರಿಗೆ ಓದು ನಿಲ್ಲಿಸಿದರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಹೊಲದಲ್ಲಿ ದುಡೀತಾ, ಬಿಡುವಾದಾಗ ಕಲ್ಲು ಒಡೆದು ಟ್ರೈಲೋಬೈಟ್ ಆರಿಸ್ತಿದ್ದರು. ಏಡಿ, ಚೇಳು, ಜರಿಗಳ ದೂರದ ನೆಂಟ ಈ ಸಮುದ್ರಜೀವಿ. ಸುಮಾರು 52 ಕೋಟಿ ವರ್ಷದ ಹಿಂದೆ, ಕೇಂಬ್ರಿಯನ್ ಕಾಲದಲ್ಲಿ ಕಾಣಿಸಿಕೊಂಡು, 25 ಕೋಟಿ ವರ್ಷದ ಹಿಂದೆ ಪೂರ್ತಿ ಅಳಿದುಹೋಯ್ತು.

1873ರಲ್ಲಿ ತಮ್ಮ ಸಂಗ್ರಹವನ್ನು ಹಾರ್ವರ್ಡ್‌ನ ಲೂಯಿ ಅಗಾಸಿಸ್ ಅವರಿಗೆ ಮಾರಿದರು. ಅವರ ಹತ್ತಿರವೇ ಓದಬೇಕು ಅನ್ನೋ ಆಸೆ ಇತ್ತು, ಆದ್ರೆ ಅದೇ ಡಿಸೆಂಬರಿನಲ್ಲಿ ಅಗಾಸಿಸ್ ತೀರಿಕೊಂಡರು. 1876ರಲ್ಲಿ ಹೆಂಡತಿಯೂ ಹೋದರು. ವಾಲ್ಕಾಟ್ ಕೆಲಸ ಬಿಡಲಿಲ್ಲ. ಅಲ್ಲಿವರೆಗೆ ಟ್ರೈಲೋಬೈಟ್‌ನ ಬೆನ್ನಿನ ಚಿಪ್ಪು ಮಾತ್ರ ಚೆನ್ನಾಗಿ ಗೊತ್ತಿತ್ತು, ಕಾಲಿನ ಬಗ್ಗೆ ಜಗಳ ಇತ್ತು. ಇವರು ನೂರಾರು ಟ್ರೈಲೋಬೈಟ್‌ಗಳನ್ನು ತೆಳ್ಳಗೆ ಸೀಳಿ, ಉಜ್ಜಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಕೀಲಿರುವ ಕಾಲುಗಳನ್ನು ತೋರಿಸಿಕೊಟ್ಟರು.

1879ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಯಲ್ಲಿ ಕೆಳಗಿನ ಹುದ್ದೆಗೆ ಸೇರಿದವರು 1894ರಲ್ಲಿ ಅದರ ನಿರ್ದೇಶಕರಾದರು. 1907ರಿಂದ ಸಾಯುವವರೆಗೆ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥರು. 1909ರ ಆಗಸ್ಟ್ ಕೊನೆಯಲ್ಲಿ ಕೆನಡಾದ ಬೆಟ್ಟಗಳಲ್ಲಿ ಬರ್ಜೆಸ್ ಶೇಲ್ ಸಿಕ್ಕಾಗ ಅವರಿಗೆ 59 ವರ್ಷ. ಸುಮಾರು 51 ಕೋಟಿ ವರ್ಷ ಹಳೆಯ ಆ ಕಲ್ಲಲ್ಲಿ ಮೆತ್ತನೆ ಮೈಯ ಪ್ರಾಣಿಗಳೂ ಅಚ್ಚೊತ್ತಿದ ಹಾಗೆ ಉಳಿದಿದ್ದವು. ಮುಂದಿನ ವರ್ಷಗಳಲ್ಲಿ 65,000ಕ್ಕೂ ಹೆಚ್ಚು ಮಾದರಿ ಕೂಡಿಸಿದರು. ಆ ನಡುವೆ 1911ರಲ್ಲಿ ಎರಡನೇ ಹೆಂಡತಿ ರೈಲು ಅಪಘಾತದಲ್ಲಿ, ಆಮೇಲೆ ಒಬ್ಬ ಮಗ ಮಹಾಯುದ್ಧದಲ್ಲಿ ತೀರಿಕೊಂಡರು. ಆದ್ರೂ ಬೇಸಿಗೆ ಬಂತಂದ್ರೆ ಬೆಟ್ಟಕ್ಕೆ ಹೋಗೋದು ಬಿಡಲಿಲ್ಲ. 1927ರಲ್ಲಿ ಕಣ್ಮುಚ್ಚಿದರು.

ಅವರು ತಪ್ಪೂ ಮಾಡಿದ್ದರು. ಬರ್ಜೆಸ್‌ನ ಮರೆಲ್ಲಾ ಅನ್ನೋ ಪುಟ್ಟ ಪ್ರಾಣಿಯನ್ನು ಟ್ರೈಲೋಬೈಟ್ ಗುಂಪಿಗೇ ಸೇರಿಸಿದ್ದರು. 1971ರಲ್ಲಿ ಹ್ಯಾರಿ ವಿಟಿಂಗ್ಟನ್ ಮತ್ತೆ ಪರೀಕ್ಷಿಸಿ, ಅದು ಟ್ರೈಲೋಬೈಟ್ ಅಲ್ಲ, ಬೇರೆಯೇ ಸಂಧಿಪದಿ ಅಂತ ತೋರಿಸಿದರು. ಇನ್ನೊಂದು ತಪ್ಪು ನಮ್ಮ ಮನೆ ಬಾಗಿಲಿಗೇ ಬರುತ್ತೆ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಸಿಕ್ಕ ಕಾಡಿಗೆ ಬೊಟ್ಟಿನಂಥ ಪಳೆಯುಳಿಕೆಗೆ 1899ರಲ್ಲಿ ವಾಲ್ಕಾಟ್ ಚುವಾರಿಯಾ ಅಂತ ಹೆಸರಿಟ್ಟು, ಅದು ಚಿಪ್ಪಿನ ಪ್ರಾಣಿ ಅಂದುಕೊಂಡರು. ಅದು ಪ್ರಾಣಿ ಅಲ್ಲ. ಪಾಚಿಯಂಥ ಜೀವಿ ಅಂತ ಈಗ ಹೆಚ್ಚಿನವರು ಹೇಳ್ತಾರೆ. ಅದೇ ಚುವಾರಿಯಾ ನಮ್ಮ ಭೀಮಾ ಕೊಳ್ಳದ ಶೇಲ್ ಕಲ್ಲಿನಲ್ಲೂ ಸಿಕ್ಕಿದೆ!

ಈಗ ನಮ್ಮ ವಾದಕ್ಕೆ ಉತ್ತರ. ಆಳಂದ, ಅಫಜಲಪುರದ ಕರಿಕಲ್ಲು ಬಹುತೇಕ 6.6 ಕೋಟಿ ವರ್ಷದ ಹಿಂದಿನ ಲಾವಾ. ಅಷ್ಟೊತ್ತಿಗೆ ಟ್ರೈಲೋಬೈಟ್ ಅಳಿದು ಎಷ್ಟೋ ಕಾಲ ಆಗಿತ್ತು. ಪರಸಿ ಕೇಂಬ್ರಿಯನ್‌ಗೂ ಹಿಂದಿನದು, ಆಗಿನ್ನೂ ಅದು ಹುಟ್ಟಿರಲೇ ಇಲ್ಲ. ಒಂದು ಕಲ್ಲು ಲೇಟ್, ಇನ್ನೊಂದು ಅರ್ಲಿ. ಸಿಗಬಹುದು ಅಂತ ವಾದಿಸಿದ್ದ ನಮ್ಮಿಬ್ಬರಿಗೂ ಸೋಲು.

ಆ ವಾರವೇ ಗಣಿತದಲ್ಲಿ ಬ್ಯಾಕ್ ಬಂದು, ಊರಿಗೆ ಫೋನ್ ಮಾಡೋಕೂ ಹೆದರಿ ಕೂತಿದ್ದೆವು. ವಾಲ್ಕಾಟ್ ಓದಿ ಗಣಿತವೇನೂ ಬರಲಿಲ್ಲ. ಆದ್ರೆ ಅವರು ಜೋಪಾನ ಮಾಡಿಟ್ಟ ಕಲ್ಲುಗಳಿಂದಲೇ ಮುಂದಿನವರು ಅವರ ತಪ್ಪು ತಿದ್ದಿದ್ದು ನೆನಪಾಗಿ, ಹಳೇ ಉತ್ತರಪತ್ರಿಕೆ ಹೊರಗೆ ತೆಗೆದೆವು. ಫೋನೂ ಮಾಡಿದೆವು.